ಎರಡು ಐಷಾರಾಮಿ ಹೋಟೆಲು, ಎರಡು-ಮೂರು ದಿನದ ಬಿಡುವು: ತೂಗಿ ನೋಡುವುದು ಹೇಗೆ?

"ಎರಡೂ ಐದು ಸ್ಟಾರ್, ಬಾಡಿಗೆಯಲ್ಲಿ ಅಂಥ ವ್ಯತ್ಯಾಸ ಇಲ್ಲ, ಎರಡಕ್ಕೂ ಒಳ್ಳೇ ಹೆಸರು. ಯಾವುದನ್ನು ಬುಕ್ ಮಾಡಲಿ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಇದರ ಜೊತೆಗೇ ಇನ್ನೊಂದು ಬರುತ್ತದೆ: "ಎರಡರಲ್ಲೂ ಒಂದೊಂದು ರಾತ್ರಿ ಉಳಿದು ನೋಡಿದರೆ ಹೇಗೆ?" ಎರಡಕ್ಕೂ ಉತ್ತರ ಇಲ್ಲಿದೆ. ಮೊದಲ ಆರು ಹಂತಗಳು ಮನೆಯಲ್ಲೇ ಕುಳಿತು ಮಾಡುವಂಥವು. ಉಳಿದವು ಹೋಟೆಲಿಗೆ ಕಾಲಿಟ್ಟ ಮೇಲಿನವು.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ: ಒಂದು ನೋಟ್‌ಬುಕ್, ಮೊಬೈಲು, ಅದರಲ್ಲಿ ಸದ್ದು ಅಳೆಯುವ ಒಂದು ಆ್ಯಪ್, ಅರ್ಧ ಲೀಟರಿನ ನೀರಿನ ಬಾಟಲಿ. ಬುಕ್ ಮಾಡುವ ಮೊದಲು ಎರಡು ಗಂಟೆ ಬಿಡುವು.

ಸ್ಟಾರುಗಳ ಬಗ್ಗೆ ಮೊದಲೇ ಒಂದು ಮಾತು. ಇಡೀ ಜಗತ್ತಿಗೆ ಅನ್ವಯವಾಗುವ ಒಂದೇ ಸ್ಟಾರ್ ಪದ್ಧತಿ ಇಲ್ಲ. ಯುರೋಪಿನ ಹಲವು ದೇಶಗಳು 2009ರಲ್ಲಿ ಶುರುವಾದ ಹೋಟೆಲ್‌ಸ್ಟಾರ್ಸ್ ಯೂನಿಯನ್ನಿನ ಅಂಕಪಟ್ಟಿಯನ್ನು ಬಳಸುತ್ತವೆ. ಬೇರೆ ದೇಶಗಳಲ್ಲಿ ಬೇರೆ ಬೇರೆ ನಿಯಮ. ಬುಕಿಂಗ್ ಜಾಲತಾಣಗಳು ತಾವೇ ಸ್ಟಾರ್ ಕೊಡುವುದೂ ಉಂಟು. "ಏಳು ಸ್ಟಾರ್" ಎನ್ನುವುದಂತೂ ಪ್ರಚಾರದ ಮಾತು, ಅಂಥ ಅಧಿಕೃತ ದರ್ಜೆ ಇಲ್ಲ. ಸ್ಟಾರು ಮುಖ್ಯವಾಗಿ ಹೇಳುವುದು ಹೋಟೆಲಿನಲ್ಲಿ ಏನೇನು ಸೌಕರ್ಯ ಇದೆ ಎಂಬುದನ್ನು. ರಾತ್ರಿ ನಿಮಗೆ ನಿದ್ದೆ ಬರುತ್ತದೆಯೇ ಎಂಬುದನ್ನು ಅದು ಹೇಳುವುದಿಲ್ಲ. ಆದ್ದರಿಂದ ಎರಡೂ ಐದು ಸ್ಟಾರ್ ಎಂದಾದ ಮೇಲೆ ಆ ಅಂಕಿಯನ್ನು ಮರೆತುಬಿಡಿ.

ಹಂತ 1: ನಿಮಗೆ ಏನು ಮುಖ್ಯ ಎಂದು ಮೊದಲೇ ಬರೆದಿಡಿ

ಫೋಟೋ ನೋಡಲು ಕೂರುವ ಮುಂಚೆ 100 ಅಂಕಗಳನ್ನು ಐದು ಭಾಗಕ್ಕೆ ಹಂಚಿ: ನಿದ್ದೆ, ರೂಮು ಮತ್ತು ಬಾತ್‌ರೂಮು, ಜಾಗ, ಸೇವೆ, ತಿಂಡಿ ಮತ್ತು ಇತರ ಸೌಕರ್ಯ. ಹಗಲೆಲ್ಲ ಊರು ಸುತ್ತುವವರಿಗೆ ನಿದ್ದೆಗೆ 30, ಜಾಗಕ್ಕೆ 25 ಹಾಕಿದರೂ ಹೆಚ್ಚಲ್ಲ. ಹೋಟೆಲಿನಲ್ಲೇ ಕಾಲ ಚಾಚಿ ಇರಬೇಕೆನ್ನುವವರು ರೂಮಿಗೂ ಈಜುಕೊಳಕ್ಕೂ ಹೆಚ್ಚು ಕೊಡಲಿ.

ಇಬ್ಬರು ಹೋಗುವುದಾದರೆ ಇಬ್ಬರೂ ಬೇರೆ ಬೇರೆಯಾಗಿ ಬರೆದು, ಆಮೇಲೆ ಎದುರುಬದುರು ಇಟ್ಟು ನೋಡಿ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಸ್ಥಿತಿ ಇದ್ದರೆ ಅದು ಈಗಲೇ ಗೊತ್ತಾಗಲಿ. ಒಬ್ಬರಿಗೆ ಬೇಕಾದದ್ದು ಸದ್ದಿಲ್ಲದ ರೂಮು, ಇನ್ನೊಬ್ಬರಿಗೆ ಮೆಟ್ಟಿಲಿಳಿದರೆ ಪೇಟೆ ಬೀದಿ ಎಂದಾದರೆ ಹೋಟೆಲಿನ ಆಯ್ಕೆಗಿಂತ ರೂಮಿನ ಆಯ್ಕೆ ಮುಖ್ಯವಾಗುತ್ತದೆ: ಪೇಟೆ ನಡುವಿನ ಹೋಟೆಲೇ ಆದರೂ ಒಳಗಿನ ಅಂಗಳದ ಕಡೆ ಮುಖ ಮಾಡಿದ ರೂಮು ಬೇಕು.

ಈ ಹಂತವನ್ನು ಬಿಟ್ಟವರು ಕೊನೆಗೆ ಲಾಬಿ ನೋಡಿ ತೀರ್ಮಾನಿಸುತ್ತಾರೆ. ಲಾಬಿಯಲ್ಲಿ ನೀವು ಕಳೆಯುವುದು ಹದಿನೈದು ನಿಮಿಷ.

ಹಂತ 2: ಗಂಟೆಗಳ ಲೆಕ್ಕ ಹಾಕಿ

ಸಣ್ಣ ಪ್ರವಾಸದಲ್ಲಿ ಹಣಕ್ಕಿಂತ ಮೊದಲು ಮುಗಿಯುವುದು ಸಮಯ. ಒಂದು ಹೋಟೆಲಿನಲ್ಲಿ ಮಧ್ಯಾಹ್ನ 3ಕ್ಕೆ ಚೆಕ್‌ಇನ್, ಬೆಳಗ್ಗೆ 11ಕ್ಕೆ ಚೆಕ್‌ಔಟ್ ಎಂದರೆ ಒಂದು ರಾತ್ರಿಯ ಬಾಡಿಗೆಗೆ ನಿಮಗೆ ಸಿಗುವುದು 20 ಗಂಟೆ. ಇನ್ನೊಂದರಲ್ಲಿ 2ಕ್ಕೆ ಒಳಗೆ, 12ಕ್ಕೆ ಹೊರಗೆ ಎಂದಿದ್ದರೆ 22 ಗಂಟೆ. ನಿದ್ದೆಯ 8 ಗಂಟೆ ಕಳೆದು ನೋಡಿದರೆ 12 ಮತ್ತು 14. ಒಂದೇ ರಾತ್ರಿಗೆ ಇದು ದೊಡ್ಡ ಅಂತರವೇ.

ನಿಮ್ಮ ವಿಮಾನ ಅಥವಾ ರೈಲಿನ ವೇಳೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಬೆಳಗ್ಗೆ 8ಕ್ಕೆ ಊರು ತಲುಪುವವರಿಗೆ ಬೇಗ ರೂಮು ಸಿಗುವುದೇ ಎಲ್ಲಕ್ಕಿಂತ ದೊಡ್ಡ ಸೌಕರ್ಯ. "ಲಭ್ಯತೆ ಇದ್ದರೆ" ಎಂದು ಬರೆದಿರುವುದನ್ನೂ "ಖಾತರಿ" ಎಂದು ಬರೆದಿರುವುದನ್ನೂ ಒಂದೇ ಎಂದುಕೊಳ್ಳಬೇಡಿ. ಹಿಂದಿನ ರಾತ್ರಿ ಹೋಟೆಲು ತುಂಬಿದ್ದರೆ, ರಿಸೆಪ್ಷನ್ನಿನಲ್ಲಿ ಎಷ್ಟು ಒಳ್ಳೆಯವರಿದ್ದರೂ ಬೆಳಗ್ಗೆ ಕೊಡಲು ಖಾಲಿ ರೂಮೇ ಇರುವುದಿಲ್ಲ.

ಹಂತ 3: ಒಂದೇ ದರ್ಜೆಯ ರೂಮುಗಳನ್ನು ಎದುರುಬದುರು ನಿಲ್ಲಿಸಿ

ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಒಂದು ಹೋಟೆಲಿನ "ಡೀಲಕ್ಸ್" ಅಲ್ಲಿನ ಅತಿ ಸಣ್ಣ ರೂಮಾಗಿರಬಹುದು. ಇನ್ನೊಂದರಲ್ಲಿ ಅದೇ ಹೆಸರು ಮೂರನೇ ಮೆಟ್ಟಿಲಿನದಾಗಿರಬಹುದು. ಹೆಸರನ್ನು ಬಿಟ್ಟು ಈ ನಾಲ್ಕನ್ನು ನೋಡಿ.

ಅಳತೆ. 1 ಚದರ ಮೀಟರ್ ಎಂದರೆ ಸುಮಾರು 10.76 ಚದರ ಅಡಿ. 30 ಚದರ ಮೀಟರಿನ ರೂಮು ಸುಮಾರು 323 ಚದರ ಅಡಿ, 45ರದ್ದು 484. ಹೋಟೆಲು ಹೇಳುವ ಅಳತೆಯಲ್ಲಿ ಬಾತ್‌ರೂಮೂ ಬಾಗಿಲ ಬಳಿಯ ಓಣಿಯೂ ಸಾಮಾನ್ಯವಾಗಿ ಸೇರಿರುತ್ತವೆ. ಆದ್ದರಿಂದ ದೊಡ್ಡ ಬಾತ್‌ರೂಮಿನ 35 ಚದರ ಮೀಟರಿನ ರೂಮಿನಲ್ಲಿ, ಸಣ್ಣ ಬಾತ್‌ರೂಮಿನ 30ರ ರೂಮಿಗಿಂತ ಕಡಿಮೆ ಓಡಾಡುವ ಜಾಗ ಇರಬಹುದು. ರೂಮಿನ ನಕ್ಷೆ ಜಾಲತಾಣದಲ್ಲಿದ್ದರೆ ಅದನ್ನೇ ನಂಬಿ. ಫೋಟೋಗಳನ್ನು ಅಗಲ ಕೋನದ ಲೆನ್ಸಿನಲ್ಲಿ ತೆಗೆಯುತ್ತಾರೆ, ಅದರಲ್ಲಿ ಗೋಡೆಗಳು ದೂರ ಸರಿದಂತೆ ಕಾಣುತ್ತವೆ.

ಹಾಸಿಗೆ. "ಕಿಂಗ್" ಎಂಬ ಪದಕ್ಕೆ ಎಲ್ಲ ಕಡೆ ಒಂದೇ ಅರ್ಥ ಇಲ್ಲ. ಅಮೆರಿಕದ ಕಿಂಗ್ 193 ಸೆಂಟಿಮೀಟರ್ ಅಗಲ, ಬ್ರಿಟನ್ನಿನ ಕಿಂಗ್ 150. ಸೆಂಟಿಮೀಟರಿನಲ್ಲೇ ಕೇಳಿ. ಎರಡು ಒಂಟಿ ಹಾಸಿಗೆಗಳನ್ನು ಜೋಡಿಸಿ ಒಂದೇ ಚಾದರ ಹೊದಿಸಿದ್ದನ್ನೂ ಕೆಲವು ಕಡೆ ಡಬಲ್ ಎಂದೇ ಕರೆಯುತ್ತಾರೆ. ನಡುವಿನ ಸೀಳು ಬೆನ್ನಿಗೆ ಗೊತ್ತಾಗುತ್ತದೆ.

ನೋಟ. "ಸಿಟಿ ವ್ಯೂ" ಎಂದರೆ ಕಿಟಕಿಯಾಚೆ ಊರಿದೆ ಎಂದಷ್ಟೇ ಅರ್ಥ. ಎದುರು ಕಟ್ಟಡದ ಗೋಡೆಯೂ ಊರಿನ ಭಾಗವೇ. "ಪಾರ್ಷಿಯಲ್ ವ್ಯೂ" ಎಂದಿದ್ದರೆ ಕಿಟಕಿಗೆ ಅಂಟಿ ನಿಂತು ಪಕ್ಕಕ್ಕೆ ನೋಡಿದರೆ ಕಾಣುತ್ತದೆ ಎಂದುಕೊಳ್ಳಿ.

ಸೂಟ್. ಸೂಟ್ ಎಂದರೆ ಮಲಗುವ ಕೋಣೆ ಬೇರೆ, ಕೂರುವ ಕೋಣೆ ಬೇರೆ. ಜೂನಿಯರ್ ಸೂಟಿನಲ್ಲಿ ಸಾಮಾನ್ಯವಾಗಿ ನಡುವೆ ಗೋಡೆ ಇರುವುದಿಲ್ಲ, ದೊಡ್ಡ ರೂಮಿನಲ್ಲಿ ಒಂದು ಸೋಫಾ ಇರುತ್ತದೆ ಅಷ್ಟೇ. ಮಗು ಮಲಗಿದ ಮೇಲೆ ದೀಪ ಹಾಕಿಕೊಂಡು ಮಾತಾಡುತ್ತ ಕೂರಬೇಕು ಎನ್ನುವವರಿಗೆ ಆ ಗೋಡೆಯೇ ಮುಖ್ಯ.

ಹಂತ 4: ಕೊನೆಯ ಬಿಲ್ಲನ್ನು ಈಗಲೇ ಬರೆಯಿರಿ

ತೋರಿಸುವ ಬಾಡಿಗೆ ಬೇರೆ, ಕಟ್ಟುವ ಬಾಡಿಗೆ ಬೇರೆ. ಎರಡೂ ಹೋಟೆಲಿಗೆ ಒಂದೇ ತಾರೀಕು, ಒಂದೇ ಸಂಖ್ಯೆಯ ಜನ, ಒಂದೇ ರದ್ದತಿ ನಿಯಮ ಹಾಕಿ, ಪಾವತಿಯ ಪುಟದ ತನಕ ಹೋಗಿ ಅಲ್ಲಿ ಕಾಣುವ ಮೊತ್ತವನ್ನು ಬರೆದುಕೊಳ್ಳಿ.

ಬಾಡಿಗೆಯ ಮುಂದೆ ಎರಡು ಅಧಿಕ ಚಿಹ್ನೆ ಇದ್ದರೆ, ಅಂದರೆ "ಪ್ಲಸ್ ಪ್ಲಸ್" ಇದ್ದರೆ, ಸೇವಾ ಶುಲ್ಕ ಮತ್ತು ತೆರಿಗೆ ಎರಡೂ ಆಮೇಲೆ ಸೇರುತ್ತವೆ ಎಂದು ಅರ್ಥ. ಎಷ್ಟೋ ಕಡೆ ತೆರಿಗೆ ಬೀಳುವುದು ಸೇವಾ ಶುಲ್ಕ ಸೇರಿದ ಮೊತ್ತದ ಮೇಲೆ. 10 ಶೇಕಡಾ ಸೇವಾ ಶುಲ್ಕ, 8 ಶೇಕಡಾ ತೆರಿಗೆ ಎಂದಿದ್ದರೆ ಸೇರುವುದು 18 ಅಲ್ಲ, 18.8.

ಉದಾಹರಣೆಗೆ, ಮೊದಲ ಹೋಟೆಲಿನ ಬಾಡಿಗೆ ತಿಂಡಿ, ತೆರಿಗೆ ಎಲ್ಲ ಸೇರಿ 100 ಎಂದಿರಲಿ. ಎರಡನೆಯದು 88, ಆದರೆ ಪ್ಲಸ್ ಪ್ಲಸ್, ತಿಂಡಿ ಇಲ್ಲ. 88ಕ್ಕೆ 18.8 ಶೇಕಡಾ ಸೇರಿಸಿದರೆ ಸುಮಾರು 104.5. ಇಬ್ಬರ ತಿಂಡಿಗೆ ತಲಾ 6ರಂತೆ 12, ಅದರ ಮೇಲೂ ಅದೇ ಶುಲ್ಕ ಬಿದ್ದು ಸುಮಾರು 14.3. ಒಟ್ಟು 118.8. ಅಗ್ಗ ಎಂದು ಕಂಡದ್ದಕ್ಕೇ ಸುಮಾರು 19 ಹೆಚ್ಚು ಕೊಡಬೇಕಾಯಿತು.

ಇವನ್ನೂ ಸೇರಿಸಿ:

- ಕೆಲವು ನಗರಗಳಲ್ಲಿ ತಲೆಗಿಷ್ಟು, ರಾತ್ರಿಗಿಷ್ಟು ಎಂದು ವಸೂಲು ಮಾಡುವ ನಗರ ತೆರಿಗೆ. ಆನ್‌ಲೈನಿನಲ್ಲಿ ಪೂರ್ತಿ ಹಣ ಕಟ್ಟಿದ್ದರೂ ಇದನ್ನು ಹೋಟೆಲಿನಲ್ಲಿ ಕೊಡಬೇಕಾಗಬಹುದು.
- "ಡೆಸ್ಟಿನೇಷನ್ ಫೀ" ಅಥವಾ "ಫೆಸಿಲಿಟಿ ಫೀ". ಜಿಮ್, ವೈಫೈ ಇತ್ಯಾದಿಗೆಂದು ರಾತ್ರಿಗೊಂದರಂತೆ ಹಾಕುವ ಕಡ್ಡಾಯ ಶುಲ್ಕ. ಬಳಸದಿದ್ದರೂ ಬಿಡುವುದಿಲ್ಲ.
- ಕಾರು ನಿಲ್ಲಿಸುವ ಶುಲ್ಕ.
- ನಿಲ್ದಾಣದಿಂದ ಹೋಟೆಲಿಗೆ, ಹೋಟೆಲಿನಿಂದ ನೀವು ದಿನಾ ಹೋಗುವ ಕಡೆಗೆ ಟ್ಯಾಕ್ಸಿ.
- ಮೂರನೆಯವರಿಗೆ ಹೆಚ್ಚುವರಿ ಹಾಸಿಗೆ. ಮಗುವಿನ ವಯಸ್ಸಿನ ಮಿತಿ ಹೋಟೆಲಿನಿಂದ ಹೋಟೆಲಿಗೆ ಬದಲಾಗುತ್ತದೆ.

ಕ್ಲಬ್ ಲಾಂಜ್ ಸೇರಿದ ರೂಮು ಲಾಭವೇ ಎಂದು ಕೇಳುವವರು ಬಹಳ. ಲಾಂಜ್ ಎಂದರೆ ಹೆಚ್ಚು ಬಾಡಿಗೆ ಕೊಟ್ಟವರಿಗೆ ಮಾತ್ರ ತೆರೆದಿರುವ ಕೊಠಡಿ. ಅಲ್ಲಿ ತಿಂಡಿ, ಸಂಜೆಯ ಉಪಾಹಾರ, ಪಾನೀಯ ಸಿಗುತ್ತವೆ. ಹೆಚ್ಚುವರಿ ಬಾಡಿಗೆಯ ಎದುರು ನೀವು ನಿಜವಾಗಿ ಅಲ್ಲಿ ತಿನ್ನುವ, ಕುಡಿಯುವ ಬೆಲೆಯನ್ನು ಮಾತ್ರ ಬರೆಯಿರಿ. ಸಂಜೆಯ ಪಾನೀಯದ ಹೊತ್ತು ಎರಡು ಗಂಟೆ ಮಾತ್ರ, ಆ ಹೊತ್ತಿಗೆ ನೀವು ಊರು ಸುತ್ತುತ್ತಿರುತ್ತೀರಿ ಎಂದಾದರೆ ಲಾಂಜಿನ ಅರ್ಧ ಬೆಲೆ ನೀರಿಗೆ ಹೋಯಿತು. ಎರಡು ದಿನದ ಪ್ರವಾಸಕ್ಕೆ ಹೆಚ್ಚಿನವರಿಗೆ ಲಾಂಜ್ ಬೇಡ ಎಂಬುದೇ ನಮ್ಮ ಸಲಹೆ. ಅದೇ ಹಣದಲ್ಲಿ ಒಂದು ದರ್ಜೆ ಮೇಲಿನ ರೂಮು ತೆಗೆದುಕೊಳ್ಳಿ.

ಎಲ್ಲಿ ಬುಕ್ ಮಾಡುತ್ತೀರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಮಧ್ಯವರ್ತಿ ತಾಣಗಳ ಮೂಲಕ ಮಾಡಿದರೆ ಹೋಟೆಲ್ ಸರಪಳಿಯ ಸದಸ್ಯತ್ವದ ಪಾಯಿಂಟು, ಸದಸ್ಯರ ಸವಲತ್ತು ಸಾಮಾನ್ಯವಾಗಿ ಸಿಗುವುದಿಲ್ಲ. ವರ್ಚುವೋಸೋದಂಥ ಟ್ರಾವೆಲ್ ಏಜೆಂಟರ ಜಾಲ, ಅಮೆರಿಕನ್ ಎಕ್ಸ್‌ಪ್ರೆಸ್‌ನ ಫೈನ್ ಹೋಟೆಲ್ಸ್ ಮುಂತಾದ ಕಾರ್ಡಿನ ಯೋಜನೆಗಳಲ್ಲಿ ಇಬ್ಬರಿಗೆ ತಿಂಡಿ, ಹೋಟೆಲಿನಲ್ಲೇ ಖರ್ಚು ಮಾಡಬಹುದಾದ ಒಂದಿಷ್ಟು ಮೊತ್ತ ಸೇರಿರುತ್ತವೆ. ಒಂದು ಹೋಟೆಲು ಇಂಥ ಯೋಜನೆಯಲ್ಲಿದ್ದು ಇನ್ನೊಂದು ಇಲ್ಲದಿದ್ದರೆ ತಕ್ಕಡಿ ಒಂದು ಕಡೆ ವಾಲುತ್ತದೆ.

ರದ್ದತಿ: "48 ಗಂಟೆ ಮೊದಲು" ಎಂದಿದ್ದರೆ ಯಾವ ಹೊತ್ತಿನಿಂದ ಎಣಿಸುತ್ತಾರೆ ನೋಡಿ. ಗಡಿಯಾರ ಹೋಟೆಲು ಇರುವ ಊರಿನದು, ನಿಮ್ಮ ಊರಿನದಲ್ಲ.

ಹಂತ 5: ವಿಮರ್ಶೆಗಳನ್ನು ಸೋಸಿ ಓದಿ

ಸರಾಸರಿ ಅಂಕ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಈ ಮಟ್ಟದ ಹೋಟೆಲುಗಳದ್ದು ಎಲ್ಲವೂ ಹತ್ತಿರ ಹತ್ತಿರ ಇರುತ್ತವೆ. ಕಳೆದ ಆರು ತಿಂಗಳಿನವನ್ನು ಮಾತ್ರ ತೆಗೆದುಕೊಂಡು, ಹೊಗಳಿಕೆಯೂ ದೂರೂ ಎರಡೂ ಇರುವ ನಡುಮಟ್ಟದ ಅಂಕದವನ್ನು ಮೊದಲು ಓದಿ. ವಿವರ ಸಿಗುವುದು ಅಲ್ಲಿ. ಸದ್ದು, ಲಿಫ್ಟ್, ಬಿಸಿನೀರು, ಎಸಿ, ವಾಸನೆ, ಕ್ಯೂ: ಈ ಪದಗಳನ್ನು ಹುಡುಕಿ. ಒಬ್ಬರು ಹೇಳಿದ ದೂರು ಅವರ ಅದೃಷ್ಟ ಇರಬಹುದು. ಬೇರೆ ಬೇರೆ ತಿಂಗಳಲ್ಲಿ ಮೂವರು ಅದನ್ನೇ ಹೇಳಿದ್ದರೆ ಅದು ಕಟ್ಟಡದ ದೋಷ.

ಅತಿಥಿಗಳು ತೆಗೆದ ಫೋಟೋಗಳಲ್ಲಿ ಕಾರ್ಪೆಟ್ಟಿನ ಅಂಚು, ಶವರಿನ ಟೈಲ್ಸ್ ಸಂದು, ಕಿಟಕಿಯ ಚೌಕಟ್ಟು ನೋಡಿ. ರೂಮಿನ ವಯಸ್ಸು ಕಾಣುವುದು ಅಲ್ಲೇ. "ಇತ್ತೀಚೆಗೆ ನವೀಕರಿಸಲಾಗಿದೆ" ಎಂದಿದ್ದರೆ ಎಲ್ಲ ಮಹಡಿಗಳೂ ಆಗಿವೆ ಎಂದುಕೊಳ್ಳಬೇಡಿ. ದೊಡ್ಡ ಹೋಟೆಲುಗಳು ಕೆಲವೇ ಮಹಡಿಗಳನ್ನು ಮುಚ್ಚಿ, ಉಳಿದವನ್ನು ನಡೆಸುತ್ತಲೇ ನವೀಕರಣ ಮಾಡುತ್ತವೆ. ಜಾಲತಾಣದಲ್ಲಿ ಹೊಸ ರೂಮಿನ ಫೋಟೋ ಇರುತ್ತದೆ, ನಿಮಗೆ ಸಿಗುವುದು ಹಳೆಯದು. ಮೇಲಾಗಿ ಹಗಲೆಲ್ಲ ಡ್ರಿಲ್ಲಿನ ಸದ್ದು.

ಹಂತ 6: ಎರಡೂ ಹೋಟೆಲಿಗೆ ಒಂದೇ ಪತ್ರ ಬರೆಯಿರಿ

ಇಮೇಲಿನಲ್ಲಿ, ಒಂದೇ ದಿನ, ಒಂದೇ ಹೊತ್ತಿಗೆ, ಈ ಪ್ರಶ್ನೆಗಳನ್ನು ಕೇಳಿ:

1. ನಾವು ನೋಡಿರುವ ದರ್ಜೆಯ ರೂಮುಗಳು ಯಾವ ಮಹಡಿಯಲ್ಲಿವೆ, ಯಾವ ಕಡೆ ಮುಖ ಮಾಡಿವೆ? ಯಾವ ವರ್ಷ ನವೀಕರಣವಾಯಿತು?
2. ನಾವು ಇರುವ ದಿನಗಳಲ್ಲಿ ಹೋಟೆಲಿನಲ್ಲಾಗಲಿ ಪಕ್ಕದಲ್ಲಾಗಲಿ ಕಟ್ಟಡದ ಕೆಲಸ ನಡೆಯುತ್ತಿರುತ್ತದೆಯೇ? ದೊಡ್ಡ ಮದುವೆ, ಸಮ್ಮೇಳನ ಇದೆಯೇ?
3. ಎಸಿಯನ್ನು ರೂಮಿನಲ್ಲೇ ಬೇಕಾದಂತೆ ಬಿಸಿಗೂ ತಂಪಿಗೂ ಬದಲಿಸಬಹುದೇ? ಕಿಟಕಿ ತೆಗೆಯಬಹುದೇ?
4. ಈಜುಕೊಳ, ಜಿಮ್, ತಿಂಡಿಯ ವೇಳೆ ಏನು? ಈಜುಕೊಳಕ್ಕೆ ಮೊದಲೇ ಸಮಯ ಕಾಯ್ದಿರಿಸಬೇಕೇ?

ಎಸಿಯ ಪ್ರಶ್ನೆ ಏಕೆಂದರೆ, ಕೆಲವು ಕಟ್ಟಡಗಳಲ್ಲಿ ಎರಡು ಪೈಪಿನ ವ್ಯವಸ್ಥೆ ಇರುತ್ತದೆ. ಒಂದು ಪೈಪಿನಲ್ಲಿ ನೀರು ಬಂದು ಇನ್ನೊಂದರಲ್ಲಿ ವಾಪಸಾಗುತ್ತದೆ. ಆ ನೀರು ಇಡೀ ಕಟ್ಟಡಕ್ಕೆ ಒಂದೋ ತಣ್ಣಗಿನದು, ಇಲ್ಲವೋ ಬಿಸಿಯದು. ಋತು ಬದಲಾಗುವ ತಿಂಗಳುಗಳಲ್ಲಿ ಹೋಟೆಲು ಬಿಸಿನೀರು ಹರಿಸಲು ಶುರು ಮಾಡಿದ್ದರೆ, ನೀವು 18 ಡಿಗ್ರಿಗೆ ತಿರುಗಿಸಿದರೂ ರೂಮು ತಂಪಾಗದು. ನಾಲ್ಕು ಪೈಪಿನ ವ್ಯವಸ್ಥೆಯಲ್ಲಿ ಪ್ರತಿ ರೂಮಿಗೂ ಎರಡೂ ಸಿಗುತ್ತವೆ. ಸೆಕೆ ಸಹಿಸದವರು ಇದೊಂದನ್ನು ಕೇಳದೆ ಬುಕ್ ಮಾಡಬೇಡಿ.

ಉತ್ತರ ಎಷ್ಟು ಹೊತ್ತಿಗೆ ಬಂತು, ನಾಲ್ಕಕ್ಕೂ ಉತ್ತರಿಸಿದರೇ, ಸಿದ್ಧ ಪಡಿಯಚ್ಚನ್ನು ಕಳಿಸಿದರೇ ಎಂದು ಬರೆದುಕೊಳ್ಳಿ. ಸೇವೆಯ ಮೊದಲ ಅಂಕ ಇಲ್ಲಿಯೇ ಬೀಳುತ್ತದೆ.

ಜಾಗದ ವಿಷಯಕ್ಕೆ ಪತ್ರ ಬೇಕಿಲ್ಲ. ನೀವು ಖಂಡಿತ ಹೋಗುವ ನಾಲ್ಕು ಕಡೆಗಳನ್ನು ಮ್ಯಾಪಿನಲ್ಲಿ ಗುರುತು ಹಾಕಿ, ಎರಡೂ ಹೋಟೆಲಿನಿಂದ ನಡೆಯುವ ನಿಮಿಷಗಳನ್ನು ಕೂಡಿಸಿ. ಕಿಲೋಮೀಟರು ನೋಡಬೇಡಿ. ನಡುವೆ ಹೊಳೆ, ರೈಲು ಹಳಿ, ದೊಡ್ಡ ಹೆದ್ದಾರಿ ಇದ್ದರೆ ಅರ್ಧ ಕಿಲೋಮೀಟರು ಇಪ್ಪತ್ತು ನಿಮಿಷವಾಗುತ್ತದೆ. ರಾತ್ರಿ ಹತ್ತರ ಮೇಲೆ ವಾಪಸು ಬರುವ ದಾರಿ ಹೇಗಿದೆ ಎಂದು ಬೀದಿಯ ಚಿತ್ರಗಳಲ್ಲಿ ನೋಡಿಕೊಳ್ಳಿ.

ಒಂದೇ ಹೋಟೆಲು ಎಂದು ತೀರ್ಮಾನಿಸಿದವರು ಇಲ್ಲಿಂದ ನೇರ ಎಂಟನೇ ಹಂತಕ್ಕೆ ಹೋಗಬಹುದು.

ಹಂತ 7: ಎರಡರಲ್ಲೂ ಉಳಿಯುವುದಾದರೆ

ನಾಲ್ಕು ರಾತ್ರಿಗಿಂತ ಕಡಿಮೆ ಇದ್ದರೆ ಬೇಡ. ಹೋಟೆಲು ಬದಲಿಸುವುದೆಂದರೆ ಗಂಟುಮೂಟೆ ಕಟ್ಟುವುದು, ಬಿಲ್ಲು, ಟ್ಯಾಕ್ಸಿ, ಮತ್ತೆ ಚೆಕ್‌ಇನ್, ಮತ್ತೆ ಬಿಚ್ಚಿಡುವುದು. 11ಕ್ಕೆ ಹೊರಬಿದ್ದು 3ಕ್ಕೆ ಒಳಹೋಗುವ ನಡುವೆ ನಾಲ್ಕು ಗಂಟೆ ನಿಮಗೆ ರೂಮೇ ಇರುವುದಿಲ್ಲ.

ಇನ್ನೊಂದು ಕಾರಣವೂ ಇದೆ. ಹೊಸ ಜಾಗದಲ್ಲಿ ಮೊದಲ ರಾತ್ರಿ ನಿದ್ದೆ ಕೆಡುವುದು ಎಲ್ಲರಿಗೂ ಗೊತ್ತು. ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ರಾತ್ರಿಯ ಗಾಢ ನಿದ್ದೆಯಲ್ಲಿ ಮೆದುಳಿನ ಎಡಭಾಗ ಬಲಭಾಗಕ್ಕಿಂತ ಹೆಚ್ಚು ಎಚ್ಚರವಾಗಿರುವುದು ಕಂಡುಬಂತು. ಒಂದೊಂದೇ ರಾತ್ರಿ ಉಳಿದರೆ ಎರಡೂ ಹೋಟೆಲಿನಲ್ಲಿ ನೀವು ನೋಡುವುದು ಆ ಕೆಟ್ಟ ಮೊದಲ ರಾತ್ರಿಯನ್ನೇ. ಎರಡು ಮತ್ತು ಎರಡು ಎಂದು ಹಂಚಿಕೊಂಡರೆ ಪ್ರತಿಯೊಂದರಲ್ಲೂ ಎರಡನೇ ರಾತ್ರಿ ಸಿಗುತ್ತದೆ. ಹೋಲಿಕೆಗೆ ಆ ರಾತ್ರಿಯನ್ನು ಹಿಡಿಯಿರಿ.

ವಾರದ ದಿನವನ್ನೂ ನೋಡಿ. ಒಂದರಲ್ಲಿ ಬುಧವಾರ, ಇನ್ನೊಂದರಲ್ಲಿ ಶನಿವಾರ ಉಳಿದು ಎರಡನೆಯದರಲ್ಲಿ ಜನಜಂಗುಳಿ ಎಂದು ದೂರಿದರೆ ಅದು ಹೋಟೆಲಿನ ತಪ್ಪಲ್ಲ. ವ್ಯಾಪಾರಿಗಳು ಬರುವ ಹೋಟೆಲು ವಾರದ ನಡುವೆ ತುಂಬಿರುತ್ತದೆ, ರಜೆಗೆ ಬರುವವರದ್ದು ವಾರಾಂತ್ಯದಲ್ಲಿ. ಎರಡಕ್ಕೂ ಒಂದೊಂದು ವಾರಾಂತ್ಯದ ರಾತ್ರಿ ಬರುವಂತೆ, ಅಂದರೆ ಗುರುವಾರ-ಶುಕ್ರವಾರ ಒಂದು, ಶನಿವಾರ-ಭಾನುವಾರ ಇನ್ನೊಂದು ಎಂದು ಹೊಂದಿಸಿಕೊಳ್ಳಿ.

ಬದಲಿಸುವ ದಿನ ಹೀಗೆ ಮಾಡಿ:

1. ಹಿಂದಿನ ರಾತ್ರಿಯೇ ಬಟ್ಟೆಬರೆ ಕಟ್ಟಿಡಿ. ಬಿಲ್ಲಿನ ಕರಡು ಪ್ರತಿಯನ್ನೂ ಆಗಲೇ ತರಿಸಿ ನೋಡಿ.
2. ಮೊದಲ ಹೋಟೆಲಿನ ಅಂಕಗಳನ್ನು ರೂಮು ಬಿಡುವ ಮುಂಚೆ ಬರೆದು ಮುಗಿಸಿ. ಎರಡನೆಯದನ್ನು ನೋಡಿದ ಮೇಲೆ ತಿದ್ದಬೇಡಿ.
3. ಚೆಕ್‌ಔಟ್ ಮಾಡಿ ನೇರ ಎರಡನೇ ಹೋಟೆಲಿಗೆ ಹೋಗಿ ಲಗೇಜು ಒಪ್ಪಿಸಿ. ರೂಮು ಸಿದ್ಧವಾಗದಿದ್ದರೂ ಲಗೇಜು ಇಟ್ಟುಕೊಳ್ಳುತ್ತಾರೆ. ಚೀಟಿ ಪಡೆಯಿರಿ. ಪಾಸ್‌ಪೋರ್ಟು, ಔಷಧಿ, ಲ್ಯಾಪ್‌ಟಾಪು, ಒಡವೆ ನಿಮ್ಮ ಕೈಯಲ್ಲೇ ಇರಲಿ.
4. ರೂಮು ಆದಾಗ ಮೆಸೇಜು ಕಳಿಸಲು ಹೇಳಿ. ಅಷ್ಟರಲ್ಲಿ ಈಜುಕೊಳ ಬಳಸಬಹುದೇ ಎಂದು ಕೇಳಿ. ಈಜುಡುಗೆ ಕೈಚೀಲದಲ್ಲಿದ್ದರೆ ಆ ನಾಲ್ಕು ಗಂಟೆ ವ್ಯರ್ಥವಾಗದು.

ಹಂತ 8: ರೂಮಿನಲ್ಲಿ ಮೊದಲ 20 ನಿಮಿಷ

ಸೂಟ್‌ಕೇಸು ಬಿಚ್ಚಬೇಡಿ. ಅದನ್ನು ಲಗೇಜು ಸ್ಟ್ಯಾಂಡಿನ ಮೇಲೋ ಬಾತ್‌ರೂಮಿನ ನೆಲದ ಮೇಲೋ ಇಟ್ಟು, ಮೊದಲು ರೂಮು ನೋಡಿ. ರೂಮು ಬದಲಿಸಿಕೊಡಿ ಎಂದು ಕೇಳಲು ಇದೇ ಸರಿಯಾದ ಹೊತ್ತು. ಸಂಜೆಯಾದಂತೆ ಖಾಲಿ ರೂಮುಗಳು ಕರಗುತ್ತವೆ, ನೀವು ಬಾತ್‌ರೂಮು ಬಳಸಿದ ಮೇಲೆ ಅವರಿಗೂ ಕಷ್ಟ.

ವಾಸನೆ ಮೊದಲು, ಏಕೆಂದರೆ ಐದು ನಿಮಿಷದಲ್ಲಿ ಮೂಗು ಒಗ್ಗಿಹೋಗುತ್ತದೆ. ಸಿಗರೇಟು, ತೇವ, ಚರಂಡಿ ಈ ಮೂರರಲ್ಲಿ ಯಾವುದಿದ್ದರೂ ಬೇರೆ ರೂಮು ಕೇಳಿ. ಸುಗಂಧ ಸಿಂಪಡಿಸಿ ಮುಚ್ಚಿದರೆ ರಾತ್ರಿ ಮತ್ತೆ ಏಳುತ್ತದೆ.

ಬಾಗಿಲ ಹಿಂದಿನ ಅಗ್ನಿ ಸುರಕ್ಷೆಯ ನಕ್ಷೆ ನೋಡಿ. ನಿಮ್ಮ ರೂಮಿನಿಂದ ತುರ್ತು ಮೆಟ್ಟಿಲಿಗೆ ಎಷ್ಟು ಬಾಗಿಲು ಎಂದು ಎಣಿಸಿಕೊಳ್ಳಿ; ಹೊಗೆಯಲ್ಲಿ ಕಣ್ಣು ಕಾಣದಿದ್ದಾಗ ಆ ಎಣಿಕೆಯೇ ದಾರಿ. ಲಿಫ್ಟು, ಸಿಬ್ಬಂದಿಯ ಸಾಮಾನು ಕೋಣೆ, ಐಸ್ ಯಂತ್ರ ಎಲ್ಲಿವೆ ಎಂಬುದೂ ಅದೇ ನಕ್ಷೆಯಲ್ಲಿ ಸಿಗಬಹುದು. ಪಕ್ಕದ ರೂಮಿಗೆ ಒಳಬಾಗಿಲು ಇದ್ದರೆ ಆಚೆಯವರ ಟಿವಿ ನಿಮಗೂ ಕೇಳುತ್ತದೆ.

ಹಾಸಿಗೆಯ ಮೂಲೆಯಲ್ಲಿ ಚಾದರ ಎತ್ತಿ, ಹೊಲಿಗೆಯ ಸಾಲನ್ನೂ ತಲೆಬದಿಯ ಹಲಗೆಯ ಹಿಂಬದಿಯನ್ನೂ ಮೊಬೈಲ್ ಬೆಳಕಿನಲ್ಲಿ ನೋಡಿ. ಕಪ್ಪು ಚುಕ್ಕೆಗಳಿದ್ದರೆ ತಿಗಣೆ. ದುಬಾರಿ ಹೋಟೆಲಿಗೂ ಅದು ಲಗೇಜಿನಲ್ಲೇ ಬರುತ್ತದೆ.

ಈಗ ಶವರ್. ಬಾಟಲಿಯಿಂದ ಎರಡು ಸಲ ಐಸ್ ಬಕೆಟಿಗೆ ನೀರು ಸುರಿದು 1 ಲೀಟರಿನ ಮಟ್ಟ ನೋಡಿಕೊಳ್ಳಿ. ಖಾಲಿ ಮಾಡಿ, ಕೈ ಶವರನ್ನು ಪೂರ್ತಿ ಬಿಟ್ಟು ಆ ಮಟ್ಟ ಮುಟ್ಟಲು ಎಷ್ಟು ಸೆಕೆಂಡು ಎಂದು ಎಣಿಸಿ. 7 ಸೆಕೆಂಡಾದರೆ ನಿಮಿಷಕ್ಕೆ ಸುಮಾರು 8.6 ಲೀಟರ್, ಸಾಕಷ್ಟು ಆಯಿತು. 12 ಸೆಕೆಂಡಾದರೆ 5 ಲೀಟರ್. ಉದ್ದ ಕೂದಲಿನವರಿಗೆ ಸಾಲದು. ಬಿಸಿನೀರು ಬರಲು ಎಷ್ಟು ಹೊತ್ತಾಗುತ್ತದೆ ಎಂಬುದನ್ನೂ ಬರೆದುಕೊಳ್ಳಿ. ದೊಡ್ಡ ಹೋಟೆಲುಗಳಲ್ಲಿ ಬಿಸಿನೀರು ಪೈಪಿನಲ್ಲಿ ಸದಾ ಸುತ್ತುತ್ತಿರುತ್ತದೆ, ಆದ್ದರಿಂದ ಬೇಗ ಬರಬೇಕು. ಎರಡು ನಿಮಿಷ ಬಿಟ್ಟರೂ ಬರದಿದ್ದರೆ ಆ ಸಾಲಿನ ಪೈಪಿನಲ್ಲೇ ತೊಂದರೆ ಇರಬಹುದು. ಅದೇ ಸಾಲಿನಲ್ಲಿ ಮೇಲಿನ ಅಥವಾ ಕೆಳಗಿನ ಮಹಡಿಯ ರೂಮು ಕೊಟ್ಟರೆ ಅಲ್ಲೂ ಅದೇ ಕಥೆಯಾದೀತು. ಮಹಡಿಯ ಇನ್ನೊಂದು ತುದಿಯ ರೂಮು ಕೇಳಿ. ಕೊನೆಗೆ ಶವರನ್ನು ಐದು ನಿಮಿಷ ಬಿಟ್ಟು ನೀರು ಕಾಲಬುಡದಲ್ಲಿ ನಿಲ್ಲುತ್ತದೆಯೇ ನೋಡಿ. ಅರ್ಧ ಗಾಜಿನ ತಡೆ ಇರುವ ಕಡೆ ನೀರು ಹೊರಗೆ ಹರಿದು ನೆಲ ಜಾರುತ್ತದೆ. ವಯಸ್ಸಾದವರಿದ್ದರೆ ಇದು ಸಣ್ಣ ವಿಷಯವಲ್ಲ.

ಎಸಿಯನ್ನು ಈಗಿನ ಉಷ್ಣಾಂಶಕ್ಕಿಂತ 3 ಡಿಗ್ರಿ ಇಳಿಸಿ ಹೊರಗೆ ಹೋಗುವುದಿದ್ದರೆ ಒಂದು ಎಚ್ಚರಿಕೆ: ಕೀ ಕಾರ್ಡು ತೆಗೆದರೆ ಎಷ್ಟೋ ಕಡೆ ಎಸಿಯೂ ಪ್ಲಗ್ಗುಗಳೂ ಆರುತ್ತವೆ. ಮೊಬೈಲು ಚಾರ್ಜಿಗೆ ಹಾಕಿ ಹೋದವರು ಬಂದು ನೋಡಿದರೆ ಹಾಗೇ ಇರುತ್ತದೆ.

ಹಂತ 9: ರಾತ್ರಿಯ ಪರೀಕ್ಷೆ

ಮಲಗುವ ಮುನ್ನ ಎಲ್ಲ ದೀಪ ಆರಿಸಿ, ಪರದೆ ಎಳೆದು, ಐದು ನಿಮಿಷ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಬಿಡಿ. ಆಮೇಲೆ ಬೆಳಕಿನ ಚುಕ್ಕೆಗಳನ್ನು ಎಣಿಸಿ: ಟಿವಿಯ ದೀಪ, ಎಸಿಯ ಫಲಕ, ಬಾಗಿಲ ಕೆಳಗಿನ ಸಂದು, ಪರದೆಗಳ ನಡುವಿನ ಸೀಳು. ಪರದೆ ಕೂಡದಿದ್ದರೆ ಪ್ಯಾಂಟು ನೇತುಹಾಕುವ ಕ್ಲಿಪ್ ಹ್ಯಾಂಗರಿನಿಂದ ಎರಡನ್ನೂ ಸೇರಿಸಿ ಕಚ್ಚಿಸಿ. ಬಾಗಿಲ ಸಂದಿಗೆ ಟವೆಲು.

ಸದ್ದಿಗೆ ಆ್ಯಪನ್ನು ದಿಂಬಿನ ಬಳಿ ಇಟ್ಟು ಹತ್ತು ನಿಮಿಷದ ಸರಾಸರಿ ತೆಗೆಯಿರಿ. ಮಲಗುವ ಕೋಣೆಯಲ್ಲಿ ರಾತ್ರಿಯ ಸರಾಸರಿ ಸದ್ದು 30 ಡೆಸಿಬಲ್ ಮೀರಬಾರದು, ಆಗಾಗ ಏಳುವ ಸದ್ದು 45 ದಾಟಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆ 1999ರ ಮಾರ್ಗಸೂಚಿಯಲ್ಲಿ ಕೊಟ್ಟ ಮಿತಿ. ಮೊಬೈಲಿನ ಅಳತೆ ಅಷ್ಟು ನಿಖರವಲ್ಲ, ಆದರೆ ಅದೇ ಮೊಬೈಲಿನಲ್ಲಿ ಎರಡೂ ರೂಮು ಅಳೆದರೆ ಹೋಲಿಕೆಗೆ ಸಾಕು. ಎಸಿ ಹಾಕಿ ಒಮ್ಮೆ, ಆರಿಸಿ ಒಮ್ಮೆ ಅಳೆಯಿರಿ. ಫ್ಯಾನಿನ ಒಂದೇ ಸಮನೆಯ ಸದ್ದು ಹೆಚ್ಚಿನವರಿಗೆ ಜೋಗುಳವಾಗುತ್ತದೆ. ನಿದ್ದೆ ಕೆಡಿಸುವುದು ಇದ್ದಕ್ಕಿದ್ದಂತೆ ಏಳುವ ಸದ್ದು: ಬಾಗಿಲು ಬಡಿಯುವುದು, ಲಿಫ್ಟಿನ ಗಂಟೆ, ಬೆಳಗಿನ ಜಾವ ಕಸದ ಲಾರಿ.

ನಡುರಾತ್ರಿ ಎಸಿ ತಾನೇ ನಿಂತು ಬೆವರಿ ಎಚ್ಚರವಾದರೆ, ಅದು ಚಲನೆ ಗುರುತಿಸುವ ಸೆನ್ಸರಿನ ಕೆಲಸ. ಮಲಗಿದವರು ಅಲುಗಾಡುವುದಿಲ್ಲವಾದ್ದರಿಂದ ರೂಮು ಖಾಲಿ ಎಂದು ಅದು ತಿಳಿಯುತ್ತದೆ. ರಿಸೆಪ್ಷನ್ನಿಗೆ ಹೇಳಿ ಎಂಜಿನಿಯರಿಂಗ್ ವಿಭಾಗದವರಿಂದ ಅದನ್ನು ಆರಿಸಲು ಸಾಧ್ಯವೇ ಕೇಳಿ.

ಹಂತ 10: ಸೇವೆ, ತಿಂಡಿ, ಈಜುಕೊಳ

ಸೇವೆಯನ್ನು ನಗುಮುಖದಿಂದ ಅಳೆಯಬೇಡಿ. ಈ ಮಟ್ಟದಲ್ಲಿ ಎಲ್ಲರೂ ನಗುತ್ತಾರೆ. ಎರಡೂ ಕಡೆ ಒಂದೇ ಕೆಲಸ ಹೇಳಿ. ರಾತ್ರಿ 10ಕ್ಕೆ ಇಸ್ತ್ರಿಪೆಟ್ಟಿಗೆ ಕೇಳಿ, ಎಷ್ಟು ನಿಮಿಷಕ್ಕೆ ಬಂತು ನೋಡಿ. ಏನಾದರೂ ಕೆಟ್ಟಿದ್ದರೆ ಒಮ್ಮೆ ಹೇಳಿ. ಎರಡನೇ ಸಲ ಫೋನು ಮಾಡಬೇಕಾಯಿತೇ ಎಂಬುದೇ ನಿಜವಾದ ಅಂಕ. ಇಲ್ಲದ ದೂರು ಹುಟ್ಟಿಸಿ ಸಿಬ್ಬಂದಿಯನ್ನು ಪರೀಕ್ಷಿಸುವುದು ಮಾತ್ರ ಬೇಡ. ಅದರ ಏಟು ಬೀಳುವುದು ಕೆಳಗಿನ ಕೆಲಸಗಾರರ ಮೇಲೆ.

ಕನ್ಸೀಯರ್ಜ್ ಎಂದರೆ ಊರಿನ ಮಾಹಿತಿ, ಟಿಕೆಟ್ಟು, ಟೇಬಲ್ ಕಾಯ್ದಿರಿಸುವುದನ್ನು ನೋಡಿಕೊಳ್ಳುವವರು. ಕೋಟಿನ ಕಾಲರಿನಲ್ಲಿ ಅಡ್ಡಡ್ಡ ಇಟ್ಟ ಎರಡು ಚಿನ್ನದ ಬಣ್ಣದ ಕೀಲಿಗಳಿದ್ದರೆ ಅವರು 1929ರಲ್ಲಿ ಫ್ರಾನ್ಸಿನಲ್ಲಿ ಶುರುವಾದ ಲೆ ಕ್ಲೆ ದೋರ್ ಸಂಘದ ಸದಸ್ಯರು. "ಒಳ್ಳೇ ಜಾಗ ಹೇಳಿ" ಎಂದರೆ ಯಾರಾದರೂ ಹೇಳುತ್ತಾರೆ. "ಮಂಡಿ ನೋವಿರುವವರು ಜೊತೆಗಿದ್ದಾರೆ, ಎರಡು ಗಂಟೆ ಸಮಯ ಇದೆ, ಮೆಟ್ಟಿಲು ಬೇಡ" ಎಂದು ಕೇಳಿ. ಆಗ ಬರುವ ಉತ್ತರಗಳಲ್ಲಿ ಎರಡು ಹೋಟೆಲಿನ ಅಂತರ ಕಾಣುತ್ತದೆ.

ತಿಂಡಿಗೆ ಎರಡೂ ಕಡೆ ಒಂದೇ ಹೊತ್ತಿಗೆ ಹೋಗಿ. ವಾರಾಂತ್ಯದಲ್ಲಿ 9ರ ಸುಮಾರಿಗೆ ಎಲ್ಲ ಕಡೆಯೂ ನೂಕುನುಗ್ಗಲು, 7.30ಕ್ಕೆ ಎಲ್ಲ ಕಡೆಯೂ ಆರಾಮ. ಬಗೆಗಳ ಸಂಖ್ಯೆ ಎಣಿಸಬೇಡಿ, ಬಿಸಿಯಾಗಿರಬೇಕಾದದ್ದು ಬಿಸಿಯಾಗಿದೆಯೇ, ಖಾಲಿಯಾದ ಪಾತ್ರೆ ಎಷ್ಟು ಹೊತ್ತಿಗೆ ತುಂಬುತ್ತದೆ ನೋಡಿ.

ಈಜುಕೊಳ ಎಷ್ಟು ಚೆಂದ ಇದ್ದರೂ ನೀವು ಇರುವ ಹೊತ್ತಿಗೆ ಮುಚ್ಚಿದ್ದರೆ ಊಟಕ್ಕಿಲ್ಲದ ಉಪ್ಪಿನಕಾಯಿ. ಬೆಳಗ್ಗೆ ತೆರೆಯುವ ಹೊತ್ತು, ಮಕ್ಕಳಿಗೆ ಬಿಡುವ ಹೊತ್ತು, ಅಷ್ಟು ಸಾಕು.

ಹಂತ 11: ಅಂಕ ಕೂಡಿಸಿ

ಪ್ರತಿ ಭಾಗಕ್ಕೂ 10ಕ್ಕೆ ಇಷ್ಟೆಂದು ಕೊಟ್ಟು, ಮೊದಲ ಹಂತದಲ್ಲಿ ಬರೆದ ತೂಕದಿಂದ ಗುಣಿಸಿ, 10ರಿಂದ ಭಾಗಿಸಿ. ನಿದ್ದೆಗೆ 30ರ ತೂಕ, 8 ಅಂಕ ಎಂದರೆ 24. ಐದನ್ನೂ ಕೂಡಿಸಿದರೆ 100ಕ್ಕೆ ಇಷ್ಟು ಎಂದು ಸಿಗುತ್ತದೆ. ಅಂತರ 5ಕ್ಕಿಂತ ಕಡಿಮೆ ಇದ್ದರೆ ಎರಡೂ ಸಮ. ನಾಲ್ಕನೇ ಹಂತದ ಒಟ್ಟು ಖರ್ಚು ಯಾವುದಕ್ಕೆ ಕಡಿಮೆಯೋ ಅದು.

ಎರಡು ಕಡೆ ತಕ್ಕಡಿ ತಪ್ಪುತ್ತದೆ. ಒಂದು, ಮೇಲ್ದರ್ಜೆಗೆ ಪುಕ್ಕಟೆ ಏರಿಸಿದಾಗ. ಸಂತೋಷವೇ, ಆದರೆ ಮುಂದಿನ ಸಲ ನಿಮಗೆ ಸಿಗುವುದು ನೀವು ಹಣ ಕೊಟ್ಟ ದರ್ಜೆಯೇ. ಆದ್ದರಿಂದ ರೂಮಿನ ಅಳತೆಗೂ ನೋಟಕ್ಕೂ ಅಂಕ ಕೊಡಬೇಡಿ. ಹಾಸಿಗೆ, ಶವರ್, ಸದ್ದಿಗೆ ಕೊಡಿ. ಎರಡು, ನೆನಪಿನಿಂದ ಅಂಕ ಹಾಕಿದಾಗ. ನಡೆದುಹೋದದ್ದನ್ನು ನಾವು ನೆನೆಯುವಾಗ ಅದರ ಅತಿ ತೀವ್ರ ಗಳಿಗೆಗೂ ಕೊನೆಯ ಗಳಿಗೆಗೂ ಹೆಚ್ಚು ತೂಕ ಕೊಡುತ್ತೇವೆ ಎಂದು ಡೇನಿಯಲ್ ಕಾನೆಮನ್ ಮತ್ತು ಸಹೋದ್ಯೋಗಿಗಳು 1993ರಲ್ಲಿ ಪ್ರಯೋಗ ಮಾಡಿ ತೋರಿಸಿದರು. ಹೊರಡುವಾಗ ಬಿಲ್ಲಿನಲ್ಲಿ ಜಗಳವಾದರೆ ಎರಡು ರಾತ್ರಿಯ ಒಳ್ಳೆಯ ನಿದ್ದೆಯೂ ಮರೆತುಹೋಗುತ್ತದೆ. ದಿನಾ ರಾತ್ರಿ ಐದು ನಿಮಿಷ ಬರೆದಿಡಿ.

ಹಂತ 12: ಬಿಲ್ಲು ಮತ್ತು ಕಾರ್ಡು

ಚೆಕ್‌ಇನ್ ಹೊತ್ತಿಗೆ ಹೋಟೆಲು ನಿಮ್ಮ ಕಾರ್ಡಿನಲ್ಲಿ ಒಂದು ಮೊತ್ತವನ್ನು ತಡೆಹಿಡಿಯುತ್ತದೆ. ಇದು ವಸೂಲಿಯಲ್ಲ, ಮುಂಗಡ ಅನುಮತಿ. ಕ್ರೆಡಿಟ್ ಕಾರ್ಡಾದರೆ ಮಿತಿ ಮಾತ್ರ ಕಡಿಮೆಯಾಗುತ್ತದೆ, ಡೆಬಿಟ್ ಕಾರ್ಡಾದರೆ ಖಾತೆಯ ಹಣವೇ ಸಿಕ್ಕಿಕೊಳ್ಳುತ್ತದೆ. ಎರಡು ಹೋಟೆಲು ಎಂದರೆ ಎರಡು ಸಲ ತಡೆ, ಮೊದಲನೆಯದು ಬಿಡುಗಡೆಯಾಗುವ ಮುಂಚೆಯೇ ಎರಡನೆಯದು. ಆದ್ದರಿಂದ ಡೆಬಿಟ್ ಕಾರ್ಡು ಬೇಡ, ಕ್ರೆಡಿಟ್ ಮಿತಿಯಲ್ಲೂ ಜಾಗ ಇರಲಿ. ಎಷ್ಟು ಹಿಡಿಯುತ್ತೀರಿ ಎಂದು ಸಹಿ ಮಾಡುವ ಮುಂಚೆ ಕೇಳಿ ಬರೆದುಕೊಳ್ಳಿ.

ಮಿನಿಬಾರಿನ ಫ್ರಿಜ್ಜಿನಲ್ಲಿ ನಿಮ್ಮ ಔಷಧಿ, ಹಾಲು ಇಡುವ ಮುನ್ನ ಕೇಳಿ. ಕೆಲವದರಲ್ಲಿ ಸಾಮಾನಿನ ಕೆಳಗೆ ಸೆನ್ಸರ್ ಇರುತ್ತದೆ. ಬಾಟಲಿ ಎತ್ತಿ ಪಕ್ಕಕ್ಕಿಟ್ಟರೂ ಬಿಲ್ಲಿಗೆ ಸೇರುತ್ತದೆ. ಸಣ್ಣ ಫ್ರಿಜ್ಜು ಬೇರೆ ಕೇಳಿದರೆ ಹೆಚ್ಚಿನ ಕಡೆ ಕೊಡುತ್ತಾರೆ.

ಬೇರೆ ದೇಶದಲ್ಲಿದ್ದರೆ, ಕಾರ್ಡು ಯಂತ್ರ "ನಿಮ್ಮ ದೇಶದ ಹಣದಲ್ಲಿ ಕಟ್ಟುತ್ತೀರಾ?" ಎಂದು ಕೇಳಬಹುದು. ಬೇಡ ಎನ್ನಿ. ಅಲ್ಲಿನ ಹಣವನ್ನೇ ಆರಿಸಿ. ನಿಮ್ಮ ಹಣಕ್ಕೆ ಪರಿವರ್ತಿಸುವ ದರವನ್ನು ಆ ಯಂತ್ರದ ಕಡೆಯವರು ತಮ್ಮ ಲಾಭ ಸೇರಿಸಿ ನಿಗದಿ ಮಾಡಿರುತ್ತಾರೆ.

ಬಿಲ್ಲಿನ ಪ್ರತಿ ಸಾಲೂ ಬಿಡಿಸಿ ಬರೆದ ಪ್ರತಿ ತೆಗೆದುಕೊಳ್ಳಿ. ತಡೆಹಿಡಿದ ಹಣ ಪೂರ್ತಿ ವಾಪಸಾಗುವ ತನಕ ಅದನ್ನು ಎಸೆಯಬೇಡಿ. ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಾನಾಗಿ ಬಿಡುಗಡೆಯಾಗುತ್ತದೆ. ಹತ್ತು ದಿನ ಕಳೆದರೂ ಆಗದಿದ್ದರೆ ಮೊದಲು ಹೋಟೆಲಿನ ಲೆಕ್ಕಪತ್ರ ವಿಭಾಗಕ್ಕೆ ಬಿಲ್ಲಿನ ಸಂಖ್ಯೆ ಹಾಕಿ ಇಮೇಲು ಮಾಡಿ, ತಡೆ ತೆರವು ಮಾಡಿದ್ದೇವೆ ಎಂಬ ಲಿಖಿತ ಉತ್ತರ ತರಿಸಿಕೊಂಡು, ಅದನ್ನು ಬ್ಯಾಂಕಿಗೆ ಕಳಿಸಿ.